ಪೊರಕೆಯ ಹುಲ್ಲು

ಅಂಗಳದಲ್ಲಿ ಪೊರಕೆಯ ಮೊದಲ ಸದ್ದು ಬಿದ್ದದ್ದೇ ತಡ, ನಾಯಿ ಕತ್ತೆಗಾಡಿಯ ಕೆಳಗೆ ನುಗ್ಗಿ ಗೋಡೆಗೆ ಬೆನ್ನೊತ್ತಿ ಕುಳಿತಿತು. ಅದರ ಕಾಲಡಿಯ ಮರಳು ಒದ್ದೆಯಾಯಿತು.

"ಅಜ್ಜೀ, ನಿಲ್ಸು! ಪೊರಕೆ ಕಂಡ್ರೆ ಅದಕ್ಕೆ ಜೀವ ಹೋಗತ್ತೆ ಅಂತ ನಿನ್ನೇನೇ ಹೇಳಿದ್ನಲ್ಲ." ಕೆಫಿಲ್ವೆ ಚಹಾದ ಲೋಟ ಹಿಡಿದೇ ಹೊರಗೆ ಓಡಿಬಂದಳು.

ಗಲೆಬೋಯೆ ಅಜ್ಜಿ ಬಗ್ಗಿದಲ್ಲಿಂದಲೇ ಮುಖವೆತ್ತಿದಳು. "ನಿಮ್ಮಮ್ಮನ್ನ ಹೆತ್ತ ದಿನಾನೂ ಅಂಗಳ ಗುಡ್ಸೇ ಒಳಗೆ ಹೋದೋಳು ನಾನು. ಮೊನ್ನೆ ಬಂದ ನಾಯಿ ಈಗ ನಂಗೆ ಬುದ್ಧಿ ಹೇಳತ್ತಾ?"

ಥಮಾಗಾ ಹಳ್ಳಿಯಲ್ಲಿ ಗುಡಿಸದ ಅಂಗಳಕ್ಕೆ ಎರಡೇ ಅರ್ಥ. ಮನೆಯಲ್ಲಿ ಸಾವಾಗಿರಬೇಕು, ಇಲ್ಲವೇ ಹೆಂಗಸರು ಸೋಮಾರಿಗಳಿರಬೇಕು. ಅಜ್ಜಿಯ ಅಂಗಳವಂತೂ ಕೇರಿಗೇ ಮಾದರಿ. ಬೆಳಗಾಗುವುದರೊಳಗೆ ಮರಳಿನ ಮೇಲೆ ಬಾಚಿದ ಕೂದಲಿನಂಥ ಗೆರೆಗಳು ಮೂಡಿರುತ್ತಿದ್ದವು. ಸೊಸೆಯಂದಿರಿಗೆ ತೋರಿಸಲೆಂದು ಅತ್ತೆಯರು ಅವರನ್ನು ಬೇಲಿಯವರೆಗೆ ಕರೆತಂದದ್ದೂ ಉಂಟು.

ನಾಯಿಯನ್ನು ತಂದವಳು ಕೆಫಿಲ್ವೆ. ಹೋದ ತಿಂಗಳು ಅವಳು ಗಾಬೊರೋನ್ ಪಟ್ಟಣದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗಿದ್ದಾಗ ಅಜ್ಜಿ ಹಿತ್ತಲ ನಲ್ಲಿಯ ಬಳಿ ಜಾರಿ ಬಿದ್ದಿದ್ದಳು. ಸಂಜೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ. ಬೊಗಳುವ ಜೀವವೊಂದು ಮನೆಯಲ್ಲಿದ್ದರೆ ಅಕ್ಕಪಕ್ಕದವರಾದರೂ ಬರುತ್ತಾರೆ. ಅದಿಲ್ಲದಿದ್ದರೆ ತಾನೇ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು. ಹಾಗೆಂದೇ ಅವಳು ಬೀದಿನಾಯಿಗಳನ್ನು ಸಾಕುವ ಆಶ್ರಯಧಾಮಕ್ಕೆ ಹೋಗಿದ್ದಳು. ಕತ್ತಿನ ಸುತ್ತ ಸರಪಳಿ ತಿಂದ ಗಾಯವಿದ್ದ ಈ ಕಂದು ನಾಯಿಯನ್ನು ಕೊಡುವಾಗ ಅಲ್ಲಿಯ ಹೆಂಗಸು ಒಂದೇ ಮಾತು ಹೇಳಿದ್ದಳು: "ಶನಿವಾರದೊಳಗೆ ಏನೂ ತಿನ್ಲಿಲ್ಲ ಅಂದ್ರೆ ವಾಪಸ್ ತಂದ್ಬಿಡಮ್ಮ. ಉಳಿಯಲ್ಲ ಅದು."

ಪೊರಕೆಯ ಸದ್ದಿಗೆ ನಾಯಿ ಅಡಗಿದ ಈ ದಿನ ಮಂಗಳವಾರ. ನಾಯಿ ಬಂದ ಮೇಲೆ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

ಸಂಜೆ ಕೆಲಸ ಮುಗಿಸಿ ವ್ಯಾನಿನಿಂದಿಳಿದು ಬಂದ ಕೆಫಿಲ್ವೆ ಬೇಲಿಯ ಬಳಿಯೇ ನಿಂತುಬಿಟ್ಟಳು. ಅಜ್ಜಿ ಗುಡಿಸುವುದನ್ನು ಅರ್ಧಕ್ಕೇ ಬಿಟ್ಟಿದ್ದಳು. ಚಳಿಗಾಲದಲ್ಲಿ ಗುಡ್ಡದ ಬುಡದಿಂದ ಕೊಯ್ದು ತಂದು, ಹೊಸ ಪೊರಕೆ ಕಟ್ಟಲೆಂದು ಸೂರಿನಡಿ ಒಣಗಿಸಿಟ್ಟ ಹುಲ್ಲಿನ ಕಟ್ಟು ಅಲ್ಲಿರಲಿಲ್ಲ. ಅಷ್ಟೂ ಹುಲ್ಲು ಗಾಡಿಯ ಕೆಳಗೆ ಹಾಸಿಗೆಯಾಗಿತ್ತು. ಅದರ ಮೇಲೆ ನಾಯಿ ಮುದುಡಿ ಮಲಗಿತ್ತು.

"ಅಷ್ಟು ಒಳ್ಳೇ ಹುಲ್ಲು ಅಜ್ಜಿ! ಗೋಣೀಚೀಲ ಹಾಕಿದ್ರೆ ಆಗ್ತಿರ್ಲಿಲ್ವಾ?"

"ಗೋಣೀಲಿ ಗುಡ್ಸೋಕಾಗತ್ತಾ?" ಎಂದಳು ಅಜ್ಜಿ.

ಅಜ್ಜಿಗೆ ಅರಳುಮರಳು ಶುರುವಾಯಿತೇನೋ ಎಂದುಕೊಂಡಳು ಕೆಫಿಲ್ವೆ.

ಬುಧವಾರ ಗುಡಿಸಲಿಲ್ಲ. ಗುರುವಾರವೂ ಇಲ್ಲ. ಮರುಲಾ ಮರದ ಎಲೆಗಳು ಅಂಗಳದ ತುಂಬ ಉರುಳಾಡಿದವು, ಕೋಳಿಗಳು ಎಲ್ಲೆಂದರಲ್ಲಿ ಕೆದಕಿದವು. ಬೇಲಿಯಾಚೆಯ ಒರಾಟಿಲೆ ಎರಡು ದಿನ ತಡೆದುಕೊಂಡಿದ್ದವಳು ಶುಕ್ರವಾರ ಬಾಯಿಬಿಟ್ಟಳು.

"ಏನ್ ಗಲೆಬೋಯಕ್ಕಾ, ಯಾರಾದ್ರೂ ತೀರ್ಕೊಂಡ್ರಾ? ಹೇಳಿ ಕಳ್ಸಿದ್ರೆ ಅಳೋಕಾದ್ರೂ ಬರ್ತಿದ್ದೆ."

ಅಜ್ಜಿ ಗಾಡಿಯ ಪಕ್ಕ ಮಣೆಯ ಮೇಲೆ ನಾಯಿಗೆ ಬೆನ್ನು ಮಾಡಿ ಕುಳಿತು ಜೋಳದ ಗಂಜಿ ಉಣ್ಣುತ್ತಿದ್ದಳು. "ನೀನು ಅಳೋದು ಕೇಳಿದ್ರೆ ಸತ್ತೋರೂ ಎದ್ದು ಓಡ್ತಾರೆ. ಬೇಡ ಬಿಡು."

"ನಾಯಿಗೆ ಹೆಸರಾದ್ರೂ ಇಟ್ರಾ?"

"ಲೆಬಾಂಗ್."

ಲೆಬಾಂಗ್ ಎಂದರೆ 'ನೋಡ್ತಾ ಇರಿ' ಎಂದು. ಆ ಕೇರಿಯಲ್ಲಿ ನಾಯಿಗಿಡುವ ಹೆಸರು ಯಾವಾಗಲೂ ಪಕ್ಕದ ಮನೆಯವರ ಕಿವಿಗೇ. ಒರಾಟಿಲೆ ಮೂತಿ ತಿರುವಿಕೊಂಡು ಒಳಗೆ ಹೋದಳು. ಅಜ್ಜಿ ತಟ್ಟೆಯನ್ನು ಹಿಂದಕ್ಕೆ ಸರಿಸಿ ಬೇಲಿಯನ್ನೇ ನೋಡುತ್ತ ಕುಳಿತಳು. ಬಹಳ ಹೊತ್ತಿನ ಮೇಲೆ, ನಾಲಿಗೆ ತಗಡಿಗೆ ತಾಗುವ ಸದ್ದಾಯಿತು. ಅಂದು ಕೆಲಸಕ್ಕೆ ರಜೆಯಿದ್ದ ಕೆಫಿಲ್ವೆ ಬಾಗಿಲಿಂದ ಮೆಲ್ಲಗೆ ಇಣುಕಿದಳು. ಅಜ್ಜಿ ಕತ್ತು ಕೂಡ ತಿರುಗಿಸಲಿಲ್ಲ.

ತಿಂದಿತೇನೋ ಸರಿ, ಆದರೆ ಪೊರಕೆ? ನಾಳೆಯಲ್ಲ ನಾಡಿದ್ದು ಅಜ್ಜಿ ಅದನ್ನು ಕೈಗೆತ್ತಿಕೊಳ್ಳಲೇಬೇಕು. ಆಗ ನಾಯಿ ಬೇಲಿ ಹಾರಿದರೆ ಮುಗಿಯಿತು.

ಮಧ್ಯಾಹ್ನ ನಾಯಿ ಬಿಸಿಲಿಗೆ ಎದ್ದು ಬಂದಾಗ ಅಜ್ಜಿ ಮಂಡಿಯೂರಿ ಗಾಡಿಯ ಕೆಳಗಿನ ಹುಲ್ಲನ್ನೆಲ್ಲ ಎಳೆದುಕೊಂಡಳು. ಅದರಲ್ಲಿ ಕಂದು ಕೂದಲು ಹತ್ತಿತ್ತು, ನಾಯಿಯ ಮೈವಾಸನೆ ಗಪ್ಪೆನ್ನುತ್ತಿತ್ತು. ಅವಳು ಎಳೆ ಎಳೆಯಾಗಿ ಹದಮಾಡಿ, ಬುಡ ಸಮಮಾಡಿ, ಹುರಿಯಿಂದ ಬಿಗಿಯತೊಡಗಿದಳು.

ಕೆಫಿಲ್ವೆ ಬಾಗಿಲಿಗೆ ಒರಗಿದಳು. "ಇದಕ್ಕಾ ಹಾಸಿದ್ದು?"

"ಆ ಹಳೇದ್ರಲ್ಲಿ ಅದನ್ನ ಹೊಡೆದ ಯಾವನನ್ನೋ ಕಾಣ್ತಿತ್ತೋ ಏನೋ. ಇದನ್ನ ಮೂಸಿದ್ರೆ ಅದಕ್ಕೆ ತನ್ನ ವಾಸನೇನೇ ಸಿಗತ್ತೆ." ಅಜ್ಜಿ ಹುರಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದಳು. "ತನಗೆ ತಾನೇ ಹೆದರ್ಕೊಳ್ಳೋಷ್ಟು ದಡ್ಡ ಅಲ್ಲ ನಮ್ಮ ಲೆಬಾಂಗ್."

ಕಟ್ಟಿದ ಪೊರಕೆಯನ್ನು ನೆಲದ ಮೇಲಿಟ್ಟು ಅವಳು ಒಳಗೆ ಹೋದಳು. ನಾಯಿ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ತೆವಳಿ ಬಂತು. ಮೂಸಿತು. ಮತ್ತೆ ಮೂಸಿತು. ಆಮೇಲೆ ಗದ್ದವನ್ನು ಅದರ ಮೇಲಿಟ್ಟು ಕಣ್ಣು ಮುಚ್ಚಿತು.

ಶನಿವಾರ ಬೆಳಗ್ಗೆ ಕೆಫಿಲ್ವೆಗೆ ಎಚ್ಚರವಾದದ್ದು ಸರ್ ಸರ್ ಸದ್ದಿಗೆ. ಎದ್ದುಬಿದ್ದು ಬಾಗಿಲಿಗೆ ಬಂದಳು. ಅಜ್ಜಿ ಅಂಗಳದ ಆ ತುದಿ ಮುಟ್ಟಿ ಸೊಂಟ ನೇರ ಮಾಡಿಕೊಳ್ಳುತ್ತಿದ್ದಳು. ಬೇಲಿಯಾಚೆ ಒರಾಟಿಲೆ ತನ್ನ ಪೊರಕೆ ಹಿಡಿದವಳು ಹಿಡಿದಂತೆಯೇ ನಿಂತಿದ್ದಳು.

ಅಂಗಳದ ನಟ್ಟನಡುವೆ ಲೆಬಾಂಗ್ ಕಾಲು ಚಾಚಿ ನಿದ್ದೆ ಹೋಗಿತ್ತು. ಮರಳಿನ ಗೆರೆಗಳು ನೇರವಾಗಿ ಅದರವರೆಗೆ ಬಂದು, ಬೆನ್ನಿನ ಪಕ್ಕದಲ್ಲಿ ಬಾಗಿ, ಬಾಲದಾಚೆ ಮತ್ತೆ ಒಂದುಗೂಡಿ ಮುಂದೆ ಸಾಗಿದ್ದವು.

ಕೆಫಿಲ್ವೆ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಗೋಡೆಯಂಚಿನಲ್ಲೇ ನಡೆದು ವ್ಯಾನಿಗೆ ಹೊರಟಳು.