ಕಡ ಕೊಟ್ಟ ಗುಳಿಗೆ

ಆ ಬೆಳಿಗ್ಗೆ ಮೋಡ ಕವಿದಿತ್ತು; ಒಂದು ಹನಿಯಾದರೂ ಉದುರಲೊಲ್ಲದು. ಗಾಳಿ ಎಲ್ಲಿ ಅಡಗಿತ್ತೋ ದೇವರೇ ಬಲ್ಲ. ಡಾಕ್ಟರಮ್ಮ ಇಸ್ತ್ರಿ ಅಂಗಡಿಯ ಅಕ್ಕನ ತೋಳಿಗೆ ಬೀಪಿ ಪಟ್ಟಿ ಸುತ್ತಿ, ಮುಳ್ಳು ನೋಡಿ ನಿಟ್ಟುಸಿರಿಟ್ಟರು. ಸಕ್ಕರೆಯೇನೋ ಹೇಳಿದ ಮಾತು ಕೇಳಿ ಇಳಿದಿತ್ತು. ಬೀಪಿ ಮಾತ್ರ ಕರೆಯದೆ ಬಂದ ನೆಂಟನ ಹಾಗೆ ಕೂತಲ್ಲೇ ಕೂತಿತ್ತು.

ಕಾಯಿಲೆ ಒಬ್ಬರದಾದರೂ ಒಲೆ ಎಲ್ಲರದು ಎನ್ನುವವರು ಡಾಕ್ಟರಮ್ಮ. ಅದಕ್ಕೇ ಇಂದು ಅಕ್ಕನ ಗಂಡನನ್ನೂ ಪಕ್ಕದ ಮನೆಯಲ್ಲೇ ಇರುವ ವಾರಗಿತ್ತಿಯನ್ನೂ ಕರೆಸಿ ಬೆಂಚಿನ ಮೇಲೆ ಕೂರಿಸಿದ್ದರು.

“ಉಪ್ಪು?”

“ಅದರ ಮುಖ ನೋಡಿ ಯಾವ ಕಾಲವಾಯ್ತೋ,” ಎಂದ ಗಂಡ. “ಕಾಯಿಲೆ ಇವಳಿಗೆ, ಶಿಕ್ಷೆ ನನಗೆ.”

“ನಿದ್ದೆ?”

“ಇವಳಿಗೆ ಚೆನ್ನಾಗಿದೆ. ಆ ಗೊರಕೆಗೆ ನನಗೇ ಇಲ್ಲ.”

“ಗುಳಿಗೆ ತಪ್ಪಿಸ್ತಿಲ್ಲ ತಾನೇ?”

“ಒಂದೂ ಪೋಲು ಮಾಡಿಲ್ಲಮ್ಮ,” ಎಂದಳು ಅಕ್ಕ.

ಡಾಕ್ಟರಮ್ಮನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಹೀಗೇ ಬಿಟ್ಟರೆ ಲಕ್ವ ಹೊಡೆದು ಇಸ್ತ್ರಿ ಹಿಡಿಯುವ ಬಲಗೈ ಒಂದು ದಿನ ಮೇಲೇಳದೆ ಹೋದೀತು. ಪೆನ್ನು ತೆಗೆದರು. “ಇನ್ನೂ ಜೋರಾದ್ದು ಬರೀತೀನಿ.”

“ಜೋರಾದ್ದಾದ್ರೆ ಅರ್ಧ ಮಾಡಿದ್ರೂ ಇಬ್ಬರಿಗೆ ಸಾಕಾಗತ್ತಾ?” ಎಂದಳು ಅಕ್ಕ.

“ಇಬ್ಬರಿಗಾ?”

ಗಂಡ ಸೂರು ನೋಡಿದ. ಅಕ್ಕ ವಾರಗಿತ್ತಿಯತ್ತ ಕಣ್ಣು ಹಾಯಿಸಿದಳು. “ಇವಳಿಗೂ ತಲೆ ತಿರುಗತ್ತೆ. ಆಸ್ಪತ್ರೆ ಅಂದ್ರೆ ಮಾರು ದೂರ. ಪಾಪ ಅಂತ ದಿನ ಬಿಟ್ಟು ದಿನ ನನ್ನದೇ ಕಡ ಕೊಡ್ತೀನಿ.”

“ಗುಳಿಗೆ ಏನು ಹೆಪ್ಪಿನ ಮೊಸರಾ ತಾಯಿ, ಮನೆಮನೆಗೂ ಕಡ ಕೊಡೋಕೆ?” ಬರೆಯತೊಡಗಿದ್ದ ಚೀಟಿಯನ್ನು ಹರಿದೆಸೆದು ಡಾಕ್ಟರಮ್ಮ ವಾರಗಿತ್ತಿಯ ಕಡೆ ತಿರುಗಿದರು. “ಬನ್ನಿ ಇಲ್ಲಿ.”

“ಒಂದ್ಸಲ ಶುರು ಮಾಡಿದ್ರೆ ಸಾಯೋವರೆಗೂ ನುಂಗಬೇಕಂತಲ್ಲ...”

“ಈಗ ನುಂಗ್ತಿರೋದು ಏನು, ಕಡಲೇಕಾಯಾ?”

ಅವಳು ಬಂದು ಕೂತಳು. ಮುಳ್ಳು ಅಕ್ಕನದಕ್ಕಿಂತ ಮೇಲೇರಿ ನಿಂತಿತು. ಗುಳಿಗೆ ತಿಂದೂ ಇಷ್ಟೇಕೆ? ಡಾಕ್ಟರಮ್ಮ ಅವಳನ್ನೇ ದಿಟ್ಟಿಸಿದರು. ವಾರಗಿತ್ತಿ ತಲೆ ತಗ್ಗಿಸಿದಳು.

“ತಲೆ ತೀರಾ ತಿರುಗಿದಾಗ ಮಾತ್ರ ತಗೊಳ್ತಿದ್ದೆ. ಮಿಕ್ಕಿದ್ದು, ಕಷ್ಟಕ್ಕಿರಲಿ ಅಂತ...”

ಇವಳ ಹೊಟ್ಟೆಗೂ ಇಲ್ಲ, ಅವಳ ಹೊಟ್ಟೆಗೂ ಇಲ್ಲ. ಶಿವನೇ, ಎಂದುಕೊಂಡು ಡಾಕ್ಟರಮ್ಮ ಕಣ್ಣು ಮುಚ್ಚಿದರು. ತೆರೆದು, ಇಬ್ಬರಿಗೂ ಬೇರೆ ಬೇರೆ ಚೀಟಿ ಬರೆದರು.

ವಾರಗಿತ್ತಿ ಚೀಲದ ತಳದಿಂದ ಕರವಸ್ತ್ರವೊಂದನ್ನು ತೆಗೆದು ಗಂಟು ಬಿಚ್ಚಿದಳು. ಪಟ್ಟಿಯಿಂದ ಒಂದೊಂದಾಗಿ ಕತ್ತರಿಸಿಟ್ಟ ಗುಳಿಗೆಗಳನ್ನು ಅಕ್ಕನ ಅಂಗೈಗೆ ಸುರಿದಳು.