ತೂಕದಣ್ಣನ ಹೆಬ್ಬೆರಳು

ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಮುಂದಿದ್ದವರು ಎಡಕ್ಕೆ ಎನ್ನುತ್ತಿದ್ದರು, ಹಿಂದಿದ್ದವರು ಬಲಕ್ಕೆ ಎಳೆಯುತ್ತಿದ್ದರು. ಕೊನೆಗೆ ಲಾರಿ ಡ್ರೈವರ್ ಹೆಗಲು ಕೊಟ್ಟು ಎತ್ತಿದ. ಗೋಡೆಯ ಸುಣ್ಣ ಒಂದಿಷ್ಟು ಉದುರಿ, ಪೆಟ್ಟಿಗೆ ಸಲೀಸಾಗಿ ಕೆಳಗಿಳಿಯಿತು.

"ನಿಧಾನ ಕಣಪ್ಪಾ, ಅವರು ಯಾವತ್ತೂ ಅವಸರ ಪಟ್ಟೋರಲ್ಲ," ಎಂದಳು ಹಿಂದೆಯೇ ಇಳಿಯುತ್ತಿದ್ದ ತೂಕದಣ್ಣನ ಹೆಂಡತಿ.

ಅಂಗಳದಲ್ಲಿ ಎರಡು ಬೆಂಚು ಜೋಡಿಸಿ ಪೆಟ್ಟಿಗೆಯನ್ನು ಅವುಗಳ ಮೇಲಿಟ್ಟರು. ಮಕ್ಕಳ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿ ಬಾಳೆಲ್ಲ ಕೂಸುಗಳನ್ನು ತೂಗಿದ ಮನುಷ್ಯ ಅದರೊಳಗಿದ್ದವನು, ಊರಿಗೆಲ್ಲ ತೂಕದಣ್ಣ. ಹಿಂದಿನ ದಿನ ಬೆಳಿಗ್ಗೆ ಚಹಾ ಕುಡಿದು, ಲೋಟ ಕೆಳಗಿಟ್ಟು, ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದ. ಯಾರ ಕೈಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಆತ ತೂಗಿದ ಕೂಸುಗಳು ಈಗ ತಲೆ ನರೆತು, ಹೊಟ್ಟೆ ಬಂದು, ತಮ್ಮ ತಾಯಂದಿರ ಜೊತೆ ಅಂಗಳದ ತುಂಬ ನಿಂತಿದ್ದವು. ಅದನ್ನು ನೋಡಿ ಹೆಂಡತಿಯ ದುಃಖಕ್ಕೂ ಒಂದು ಬಗೆಯ ಸಮಾಧಾನ ಬಂದಿತ್ತು.

ಅದು ಕದಡಿದ್ದು ಆಸ್ಪತ್ರೆಯ ಹಳೆಯ ಡಾಕ್ಟರು ಬಂದಾಗ. ಕೋಲೂರಿಕೊಂಡು ಬಂದವರು ಆಕೆಯ ಕೈ ಹಿಡಿದು, ವ್ಯಾನು ಹೊರಡುವ ಮುಂಚೆ ತಾನು ಎರಡು ಮಾತಾಡಬೇಕು, ಟಾನಿಕ್ಕಿನ ಸಂಗತಿ ನಾಲ್ಕು ಜನಕ್ಕೆ ತಿಳಿಯಬೇಕು, ಆ ಕೀರ್ತಿಯಲ್ಲಿ ನಿಮ್ಮ ಯಜಮಾನರಿಗೂ ಪಾಲಿದೆ ಎಂದರು. ಆಕೆ ಪೆಟ್ಟಿಗೆಯ ಕಡೆ ನೋಡಿದಳು. ಆ ಮಾತು ಬಿಚ್ಚಿಕೊಂಡರೆ ಅದರ ಹಿಂದಿನದೂ ಬಿಚ್ಚಿಕೊಳ್ಳುತ್ತದೆ. ಮಣ್ಣು ಸೇರುವ ಮೊದಲೇ ಗಂಡ ಇಷ್ಟು ಜನ ತಾಯಂದಿರ ಬಾಯಿಗೆ ಬೀಳುತ್ತಾನೆ.

*

ಆ ಕಾಲದಲ್ಲಿ ಕೂಸಿನ ಚೀಟಿಯ ಮೇಲೆ ಒಂದು ಕೆಂಪು ಗೆರೆ ಇರುತ್ತಿತ್ತು. ತೂಕ ಗೆರೆಯ ಕೆಳಗಿದ್ದರೆ ಹಾಲಿನ ಪುಡಿಯ ಡಬ್ಬ. ಕೂದಲೆಳೆಯಷ್ಟು ಮೇಲಿದ್ದರೂ ಬರಿಗೈ. ಒಂದು ದಿನ ಇಸ್ತ್ರಿ ಅಂಗಡಿಯವಳ ಮಗು ತಕ್ಕಡಿಯ ತಟ್ಟೆಯಲ್ಲಿ ಮಲಗಿ ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ಯಾಕಮ್ಮಾ ಎಂದು ಕೇಳಿದರೆ, ನಿನ್ನೆ ಸಂಜೆಯಿಂದ ಏನೂ ಕೊಟ್ಟಿಲ್ಲ, ಕೊಟ್ಟರೆ ತೂಕ ಬಂದುಬಿಡುತ್ತದಲ್ಲ ಎಂದಳು.

ಅವತ್ತು ತೂಕದಣ್ಣನಿಗೆ ತುತ್ತು ಇಳಿಯಲಿಲ್ಲ. ಮಾರನೆಯ ದಿನದಿಂದ ಆತನ ಹೆಬ್ಬೆರಳು ತಟ್ಟೆಯ ಕೆಳಗೆ ಹೋಯಿತು. ಅಲ್ಲಿಂದ ತಟ್ಟೆಯನ್ನು ಒಂದಿಷ್ಟು ಎತ್ತಿ ಹಿಡಿದರೆ ತೂಕ ಗೆರೆ ದಾಟುತ್ತಿರಲಿಲ್ಲ. ವಕೀಲರ ಮಗಳು ಕುಂಬಳಕಾಯಿಯ ಹಾಗಿದ್ದಾಳೆ, ಅವಳಿಗೂ ಯಾಕೆ ಎಂದು ಹೆಂಡತಿ ಗದರಿಸಿದಳು.

"ಯಾವುದು ಹಸಿದದ್ದು, ಯಾವುದು ಉಂಡದ್ದು ಅಂತ ಆರಿಸ್ತಾ ಕೂತ್ರೆ ನಾನೂ ಆ ಕೆಂಪು ಗೆರೆನೇ ಆಗ್ತೀನಲ್ವೇನೇ," ಎಂದಿದ್ದ.

ವರ್ಷಗಳು ಹೀಗೇ ನಡೆದವು. ಆಮೇಲೆ ನೆಲದ ಮೇಲಿಡುವ ಹೊಸ ಯಂತ್ರ ಬಂತು. ಅಂಕೆ ತಾನೇ ಬೆಳಗುತ್ತಿತ್ತು, ಕೆಳಗೆ ಬೆರಳಿಗೆ ಜಾಗವಿರಲಿಲ್ಲ. ಅದೇ ತಿಂಗಳು ಮೇಲಿನವರು ಒಂದು ಟಾನಿಕ್ಕನ್ನೂ ಕಳಿಸಿದ್ದರು. ಮುಂದಿನ ಸಲ ತೂಗಿದಾಗ ಊರಿನ ಕೂಸುಗಳೆಲ್ಲ ಒಮ್ಮೆಲೇ ದಪ್ಪವಾಗಿದ್ದವು. ಡಾಕ್ಟರು ಸಂತೋಷಪಟ್ಟು, ಟಾನಿಕ್ಕಿನ ಗುಣವೆಂದು ಮೇಲಕ್ಕೆ ಬರೆದರು. ಮೇಲಿನಿಂದ ಅವರಿಗೆ ಬಡ್ತಿ ಬಂತು, ಮಕ್ಕಳು ಚೇತರಿಸಿಕೊಂಡವೆಂದು ಹಾಲು ನಿಂತಿತು.

ನಿಜ ಹೇಳಿಬಿಡುತ್ತೇನೆಂದು ತೂಕದಣ್ಣ ಡಾಕ್ಟರ ಕೋಣೆಗೆ ಹೋದ. ಅವರು ಎದ್ದು ಬಂದು ತಬ್ಬಿಕೊಂಡುಬಿಟ್ಟರು. ಆತ ಬಂದ ದಾರಿಯಲ್ಲೇ ಹಿಂತಿರುಗಿದ.

"ನಾನು ಬಡಕಲು ಮಾಡ್ದೆ, ಮಿಷನ್ನು ದಪ್ಪ ಮಾಡ್ತು," ಎಂದ ಮನೆಗೆ ಬಂದು. "ಮಕ್ಕಳು ಪಾಪ, ಇದ್ದ ಹಾಗೇ ಇದ್ವು ಕಣೇ."

*

ಅಂಗಳದಲ್ಲಿ ಡಾಕ್ಟರು ಚೆನ್ನಾಗಿಯೇ ಮಾತಾಡುತ್ತಿದ್ದರು. ಒಂದೇ ತಿಂಗಳಲ್ಲಿ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಒಟ್ಟಿಗೆ ಗೆರೆ ದಾಟಿದ್ದು, ಅದನ್ನು ನೋಡಲು ಹೊರಗಿನಿಂದ ದೊಡ್ಡವರು ಬಂದದ್ದು, ಎಲ್ಲವನ್ನೂ ಹೇಳಿದರು. ಇಸ್ತ್ರಿಯವಳು ಪಕ್ಕದಲ್ಲಿದ್ದ ವಕೀಲರ ಹೆಂಡತಿಯ ಕಡೆ ಬಾಗಿದಳು.

"ಆ ಟಾನಿಕ್ಕನ್ನ ನನ್ನ ಕಿರೀ ಮಗ ಉಗೀತಿದ್ದ ಅಂತ ಬಚ್ಚಲಿಗೆ ಸುರೀತಿದ್ದೆ. ಬಚ್ಚಲೇನಾದ್ರೂ ದಪ್ಪ ಆಗಿದೆಯಾ ನೋಡ್ಬೇಕು." ದನಿ ಇನ್ನಷ್ಟು ತಗ್ಗಿಸಿದಳು. "ಅಣ್ಣ ನಮಗೆ ಬೆರಳು ಕೊಡ್ತಿದ್ದ. ನನ್ನೊಬ್ಬಳಿಗೇ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ."

ವಕೀಲರ ಹೆಂಡತಿಯ ಮುಖ ಸಣ್ಣದಾಯಿತು. "ನಿನಗೂನಾ?"

"ನಿಮಗೂನಾ?"

ಆಗ ವಕೀಲರಿಗೆ ಕೋಟು ಮಾತ್ರ ಕಪ್ಪಗಿತ್ತು, ಮನೆಯ ಒಲೆ ತಣ್ಣಗಿತ್ತು ಎಂದು ಆಕೆ ಪಿಸುಗುಟ್ಟಿದಳು. ಹಿಂದಿನ ಸಾಲಿನ ಮುದುಕಿಯೊಬ್ಬಳು ಕತ್ತು ಚಾಚಿ, ತನಗೂ ಎಂದಳು. ಅವಳ ಪಕ್ಕದವಳೂ ಹಾಗೇ ಅಂದಳು. ಪ್ರತಿಯೊಬ್ಬಳೂ ತನ್ನೊಬ್ಬಳದೇ ಗುಟ್ಟೆಂದು ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳು. ಕೆಲವರಿಗೆ ನಗು ಬಂತು. ಒಬ್ಬಿಬ್ಬರಿಗೆ ಕೊಂಚ ಮುನಿಸೂ ಬಂತು.

ಡಾಕ್ಟರು ಮಾತು ನಿಲ್ಲಿಸಿ, ಯಾವ ಬೆರಳು ಎಂದು ಕೇಳಿದರು. ಎಲ್ಲರೂ ತೂಕದಣ್ಣನ ಹೆಂಡತಿಯನ್ನು ನೋಡಿದರು.

ಏನೋ ಒಂದು ಹೇಳಿ ತೇಲಿಸಿಬಿಡಬಹುದಿತ್ತು. ಆಕೆ ಪೆಟ್ಟಿಗೆಯ ಪಕ್ಕ ಬಂದು ನಿಂತು ಮೊದಲಿನಿಂದ ಕೊನೆಯವರೆಗೂ ಹೇಳಿದಳು.

"ಹಾಲು ನಿಂತದ್ದು ಇವರಿಂದಲೇ. ಬಯ್ಯೋದಿದ್ರೆ ಈಗಲೇ ಬಯ್ದುಬಿಡಿ, ದಾರೀಲಿ ಬೇಡ."

ಇಸ್ತ್ರಿಯವಳು ಮುಂದೆ ಬಂದಳು.

"ಹೆತ್ತ ಮಗೂನ ಉಪವಾಸ ಕೆಡವಿದೋಳು ನಾನು, ಅಕ್ಕಾ. ಆಮೇಲೆ ಇನ್ನೂ ಮೂರು ಹೆತ್ತೆ. ಅವನ್ನೆಲ್ಲ ಹೊಟ್ಟೆ ತುಂಬಿಸಿಯೇ ತಕ್ಕಡೀಲಿ ಮಲಗಿಸ್ದೆ." ಲಾರಿ ಡ್ರೈವರನ ಕಡೆ ಗಲ್ಲ ತಿರುಗಿಸಿದಳು. "ದೊಡ್ಡೋನು ಅಲ್ಲೇ ನಿಂತಿದಾನೆ. ಅವನನ್ನ ಕೇಳು, ಬಯ್ತಾನೇನೋ."

ಡ್ರೈವರ್ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ತೂಕದಣ್ಣನ ಹೆಂಡತಿ ಬೆಂಚಿನ ಅಂಚಿಗೆ ಕುಳಿತುಬಿಟ್ಟಳು. ಎಷ್ಟೋ ವರ್ಷಗಳಿಂದ ಹೊತ್ತದ್ದನ್ನು ಇಳಿಸಿದ ಹಾಗೆ ಬೆನ್ನು ಹಗುರವಾಗಿತ್ತು.

"ಹಾಗಾದರೆ ಟಾನಿಕ್ಕು?" ಎಂದರು ಡಾಕ್ಟರು.

ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿದರು. ಅದರ ಎರಡೂ ಬದಿಯ ಸೀಟುಗಳಿಗೆ ಹೆಂಗಸರು ನಾ ಮುಂದೆ ತಾ ಮುಂದೆ ಎಂದು ಹತ್ತಿ ಕುಳಿತರು. ಡಾಕ್ಟರು ಕೆಳಗೇ ಉಳಿದರು, ಕೋಲಿನ ತುದಿಯಿಂದ ಮಣ್ಣು ಕೆದಕುತ್ತ.

"ಡಾಕ್ಟ್ರೇ, ನೀವೂ ಹತ್ತಿ," ಎಂದಳು ತೂಕದಣ್ಣನ ಹೆಂಡತಿ.

ಜಾಗವೆಲ್ಲಿದೆ ಎಂದರು ಅವರು. ಒತ್ತಿಕೊಂಡರೆ ಆಗುತ್ತದೆ ಎಂದು ಇಸ್ತ್ರಿಯವಳೂ ವಕೀಲರ ಹೆಂಡತಿಯೂ ಆಚೀಚೆ ಸರಿದರು. ಡಾಕ್ಟರು ಮಂಡಿ ಮಡಚಿ ಇಬ್ಬರ ನಡುವೆ ತೂರಿಕೊಂಡರು. ಯಾರದೋ ಚೀಲ ಅವರ ತೊಡೆಯ ಮೇಲೆ ಬಂತು. ಮೊದಲ ತಿರುವಿನಲ್ಲಿ ವ್ಯಾನು ಓಲಿತು. ಒಳಗಿದ್ದವರೆಲ್ಲ ಒಂದೇ ಕಡೆಗೆ ವಾಲಿದರು, ಡಾಕ್ಟರೂ ವಾಲಿದರು. ವ್ಯಾನು ನೆಟ್ಟಗಾದ ಮೇಲೂ ಅವರ ತಲೆ ಇಸ್ತ್ರಿಯವಳ ಭುಜದ ಮೇಲೇ ಇತ್ತು.