ನೋವು ಇಳಿಸುವ ಮಣ್ಣು

ಕಾಂಕ್ರೀಟ್ ಲಾರಿ ಹೇಳಿದ ಹೊತ್ತಿಗೆ ಬಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಬೆಳಿಗ್ಗೆಯೇ ಅಜ್ಜಿಯ ಮಣ್ಣಿನ ಮೇಲೆ ಸಿಮೆಂಟು ನೆಲ ಬಿದ್ದು, ನಾನು ಹೊಲಿಗೆ ಮೆಷಿನ್ನಿನ ಮುಂದೆ ಹೋಗಿ ಕೂತು, ಎಲ್ಲವೂ ಗಟ್ಟಿಯಾಗಿ ಮುಗಿದುಹೋಗಿರುತ್ತಿತ್ತು.

ಲಾರಿ ಬರಲಿಲ್ಲ. ಅಣ್ಣ ಗೇಟಿಗೂ ಹಿತ್ತಲಿಗೂ ನಡುವೆ ಅಲೆಯುತ್ತಿದ್ದ. ಹಲಗೆ ಗಟ್ಟಿಯಿದೆಯೇ ಎಂದು ಒದ್ದು ನೋಡುವನು, ಮಟ್ಟಕ್ಕೆಂದು ಕಟ್ಟಿದ ದಾರ ಮಿಡಿಯುವನು, ಫೋನು ಕಿವಿಗಿಡುವನು, ಮತ್ತೆ ಗೇಟಿಗೆ ಹೋಗುವನು.

"ಬಂದೆ ಬಂದೆ ಅಂತಾನೆ. ಎಲ್ಲಿಂದ ಬರ್ತಿದಾನೋ, ಚಂದ್ರಲೋಕದಿಂದಲೋ!"

"ಒಂದು ಕಡೆ ನಿಂತ್ಕೊಳ್ಳೋ ಮಾರಾಯ," ಅಂದರು ಅತ್ತೆ. ಗೋಡೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನೋಯುವ ಮಂಡಿಗಳನ್ನು ಮುಂದಕ್ಕೆ ಚಾಚಿ ಕೂತಿದ್ದರು. "ನಿನ್ನನ್ನ ನೋಡೀ ನೋಡೀ ನನ್ನ ಕತ್ತು ಉಳುಕಿತು. ಉಳುಕಿದ್ರೆ ತೆಗೆಯೋಕೆ ನಮ್ಮಮ್ಮನೂ ಇಲ್ಲ ಈಗ."

ಅವರ ಅಮ್ಮ, ಅಂದರೆ ನಮ್ಮ ಅಜ್ಜಿ. ಊರು ಅವಳನ್ನು ಕೈಯಜ್ಜಿ ಎಂದೇ ಕರೆಯುತ್ತಿತ್ತು. ಮದ್ದಿಲ್ಲ, ಎಣ್ಣೆಯಿಲ್ಲ, ಪಿಸುಗುಟ್ಟುವ ಮಾತೂ ಇಲ್ಲ. ಯಾರೇ ಗೇಟು ದಾಟಿ ಬಂದರೂ ಅವಳ ಬಾಯಿಂದ ಮೊದಲು ಬರುತ್ತಿದ್ದದ್ದು ಒಂದೇ ಮಾತು: "ಬಾ, ಮೊದಲು ಚಪ್ಪಲಿ ಬಿಡು." ಆಮೇಲೆ ನೋಯುವ ಕಡೆ ಹಿಡಿದು ಕೂರುತ್ತಿದ್ದಳು. ಹಿಡಿದು ಹಿಡಿದು ಅವಳ ಮುಖವೇ ಸಣ್ಣದಾಗುತ್ತಿತ್ತು. ಕೊನೆಗೆ ಎದ್ದು ಹಿತ್ತಲಿನ ಈ ತುಂಡು ನೆಲಕ್ಕೆ ಬಂದು, ಕುಕ್ಕರಗಾಲಿನಲ್ಲಿ ಕೂತು, ಎರಡೂ ಅಂಗೈ ಮಣ್ಣಿಗೆ ಒತ್ತುತ್ತಿದ್ದಳು. ಅದಕ್ಕೆ ಇಳಿಸೋದು ಅನ್ನುತ್ತಿದ್ದಳು. ಇಳಿಸಿ ಬಂದ ಮೇಲೆಯೇ ಅವಳಿಗೆ ಹಸಿವು, ಮಾತು, ನಗು.

ಅಲ್ಲಿ ನಾವು ಏನೂ ಬೆಳೆಯಲಿಲ್ಲ, ಏನೂ ಅಗೆಯಲಿಲ್ಲ. ಮಕ್ಕಳಾಗಿದ್ದಾಗ ಚೆಂಡು ಅಲ್ಲಿ ಬಿದ್ದರೆ ಬರಿಗಾಲಲ್ಲಿ ಹೋಗಿ ತರಬೇಕಿತ್ತು. ಕಣ್ಣು ಮುಚ್ಚುವ ಮೊದಲು ಅಜ್ಜಿ ನಮ್ಮನ್ನೆಲ್ಲ ಕರೆದು, "ಈ ಮಣ್ಣನ್ನ ಜೋಪಾನ ಮಾಡಿ, ಯಾರಿಗೂ ಬಿಡಬೇಡಿ" ಎಂದು ಹೇಳಿಯೇ ಹೋದಳು.

ಅಣ್ಣ ಗಾರೆ ಕೆಲಸದವನು. ಅವನ ಪ್ರಕಾರ ಜೋಪಾನ ಎಂದರೆ ಸಿಮೆಂಟು. ಅವನನ್ನು ಬೈಯುವ ಹಾಗೂ ಇಲ್ಲ. ಪಕ್ಕದ ಗ್ಯಾರೇಜಿನವನು, ಎಲ್ಲರ ಬಾಯಲ್ಲಿ ಸ್ಪ್ಯಾನರ್, ಅಜ್ಜಿ ಹೋದ ಮೇಲೆ ಒಂದು ಹಳೇ ಟೈರು ನಮ್ಮ ಹಿತ್ತಲಿಗೆ ಉರುಳಿಸಿದ. ಆಮೇಲೆ ಇನ್ನೊಂದು. ಆಮೇಲೆ ತುಕ್ಕು ಹಿಡಿದ ಒಂದು ಕಾರಿನ ಬಾಗಿಲು. "ಖಾಲಿ ಬಿಟ್ರೆ ನುಂಗ್ತಾನೆ ಕಣೇ," ಎಂದು ಅಣ್ಣ ಗೋಡೆ ಎಬ್ಬಿಸಲು ಗಡಿಯುದ್ದಕ್ಕೂ ಪಾಯ ತೋಡಿದ. ಸ್ಪ್ಯಾನರ್ ಅದರೊಳಗೂ ಟೈರು ಪೇರಿಸಿದ. ಅಲ್ಲಿಗೆ ಅಣ್ಣನ ತಲೆ ಕೆಟ್ಟಿತು. ಇಡೀ ಜಾಗಕ್ಕೆ ನೆಲ ಹಾಕಿ, ಮೇಲೊಂದು ಸೂರು ಮಾಡಿ, ಅಜ್ಜಿಯ ದೊಡ್ಡ ಫೋಟೋ ಇಡುವುದೆಂದು ತೀರ್ಮಾನವಾಯಿತು. ಮಣ್ಣಿನ ಮೇಲೆ ಜಲ್ಲಿ ಹರವಿ, ಜಲ್ಲಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಂಬಿ ಕಟ್ಟಿದ. ಅತ್ತೆ ಹೂಂ ಅಂದಿದ್ದರು. ನಾನೂ ಹೂಂ ಅಂದಿದ್ದೆ.

ಅಂದವಳಿಗೆ ಆವತ್ತಿನಿಂದ ನಿದ್ದೆಯಿರಲಿಲ್ಲ. ಏಕೆಂದರೆ ಅಜ್ಜಿ ಹೋದ ಮೇಲೆ ನನಗೊಂದು ಹೊಸ ಕಾಟ ಶುರುವಾಗಿತ್ತು. ಅಂಗಿ ಹೊಲಿಸಲು ಬಂದವರ ಹೆಗಲಿಗೆ ಅಳತೆಯ ಟೇಪು ಇಟ್ಟರೆ ಸಾಕು, ಆ ಹೆಗಲು ಎಲ್ಲಿ ನೋಯುತ್ತಿದೆ ಎಂದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಗೊತ್ತಾಗಿ ಸುಮ್ಮನಾಗಿದ್ದರೆ ಸರಿ; ಆ ನೋವು ನನ್ನ ಬೆರಳಲ್ಲೇ ಉಳಿದು ಉರಿಯುತ್ತಿತ್ತು. ಸೂಜಿಗೆ ದಾರ ಪೋಣಿಸಲಾಗದಷ್ಟು. ಸಂಜೆ ಅಂಗಡಿ ಮುಚ್ಚಿ, ಯಾರಿಗೂ ಹೇಳದೆ ಹಿತ್ತಲಿಗೆ ಬಂದು ಅಂಗೈ ಮಣ್ಣಿಗೆ ಒತ್ತಿದರೆ ಮಾತ್ರ ತಣ್ಣಗಾಗುತ್ತಿತ್ತು. ಜಲ್ಲಿ ಬಿದ್ದ ದಿನದಿಂದ ಅದೂ ಇಲ್ಲ. ಅಣ್ಣನಿಗೆ ಹೇಳೋಣವೆಂದರೆ ಏನೆಂದು ಹೇಳಲಿ? ಟೇಪಿನಲ್ಲಿ ನೋವು ಹತ್ತಿಕೊಂಡು ಬರುತ್ತೆ ಎಂದರೆ ಅವನು ವಾರವಿಡೀ ನಗುತ್ತಿದ್ದ.

ಗೇಟು ಕಿರುಗುಟ್ಟಿತು. ಅಣ್ಣ ಓಡಿದ. ಲಾರಿಯಲ್ಲ, ತಿರುವಿನ ಬೇಕರಿಯಲ್ಲಿ ಹಿಟ್ಟು ನಾದುವ ಅಕ್ಕ. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು ಬಂದಿದ್ದಳು. ಹುಬ್ಬಿನ ಮೇಲೆಲ್ಲ ಮೈದಾ.

"ಮಣಿಕಟ್ಟು ಹಿಡ್ಕೊಂಡುಬಿಟ್ಟಿದೆ ಕಣಮ್ಮ. ಬೆಳಗಿನ ಬ್ರೆಡ್ಡು ಅರ್ಧಕ್ಕೇ ನಿಂತಿದೆ."

"ಅಜ್ಜಿ ಇಲ್ಲವಲ್ಲಕ್ಕ," ಅಂದೆ.

"ಗೊತ್ತಿಲ್ವಾ ನನಗೆ? ಮಣ್ಣಿಗೆ ಬಂದೆ. ನಿಮ್ಮಜ್ಜಿ ಇಲ್ಲದಿದ್ರೂ ಮಣ್ಣಿರುತ್ತಲ್ಲ." ಆಗ ಅವಳಿಗೆ ಕಂಬಿ, ಪ್ಲಾಸ್ಟಿಕ್ಕು ಎಲ್ಲ ಕಾಣಿಸಿತು. "ಅಯ್ಯೋ, ಇದೇನಿದು?"

"ಜ್ಞಾಪಕಾರ್ಥ," ಅಂದ ಅಣ್ಣ, ಎದೆಯುಬ್ಬಿಸಿ.

"ಯಾರನ್ನ ಮರೆಯೋಕೆ?" ಅಂದಳು ಬೇಕರಿಯಕ್ಕ. ಅಣ್ಣನ ಎದೆ ಕುಸಿಯಿತು. ಅತ್ತೆ ಫಕ್ಕನೆ ನಕ್ಕು, ನಗಬಾರದಿತ್ತೇನೋ ಎಂದು ಕೆಮ್ಮಿದರು.

ಅವಳು ವಾಪಸು ಹೊರಟಳು. ಗೇಟಿನ ಚಿಲಕ ತೆಗೆಯಲು ಕೈ ಚಾಚಿದವಳು "ಅಮ್ಮಾ" ಎಂದು ಅಲ್ಲೇ ಕುಸಿದು ಕೂತಳು. ನಾನು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಖಂಡಿತ ಒಳಗೆ ಹೋಗಿ ನೀರು ತರುತ್ತಿದ್ದೆ. ಓಡಿಹೋಗಿ ಅವಳ ಮಣಿಕಟ್ಟು ಹಿಡಿದುಬಿಟ್ಟೆ.

ಟೇಪಿನಿಂದ ಬರುತ್ತಿದ್ದದ್ದು ಇದರ ಮುಂದೆ ಏನೇನೂ ಅಲ್ಲ. ನನ್ನ ಮೊಣಕೈವರೆಗೆ ಕಾದ ಕಬ್ಬಿಣ ಸುರಿದ ಹಾಗೆ ಹತ್ತಿತು. ಬಿಡಬೇಕು ಅನ್ನಿಸಿದರೂ ಬಿಡಲಾಗಲಿಲ್ಲ. ಅವಳು ನೀಳವಾಗಿ ಒಂದು ಉಸಿರು ಬಿಟ್ಟಳು. ನನಗೆ ಉಸಿರೇ ಇರಲಿಲ್ಲ.

"ಪುಟ್ಟೀ," ಅಂದರು ಅತ್ತೆ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಹಿಡಿದೆಯಲ್ಲೇ! ಹೋಗು, ಇಳಿಸು!"

ಎಲ್ಲಿ ಇಳಿಸಲಿ? ಮುಂದೆಲ್ಲ ಕಲ್ಲು ಹಾಸು, ಆಚೆ ಟಾರು ರಸ್ತೆ. ಹೂಕುಂಡಕ್ಕೆ ಕೈ ಹಾಕಿದೆ, ಏನೂ ಆಗಲಿಲ್ಲ. ಹಿತ್ತಲಿಗೆ ಓಡಿ, ಕಂಬಿಯ ಅಂಚು ಎತ್ತಿ ಹೊಟ್ಟೆಯ ಮೇಲೆ ನುಸುಳಿದೆ. ಹಾಳೆಯನ್ನು ಹಲ್ಲಿನಿಂದ ಹರಿದೆ. ಜಲ್ಲಿ ಕೆದಕಿದೆ. ಒಂದು ಹಿಡಿ ತೆಗೆದರೆ ಎರಡು ಹಿಡಿ ಜಾರಿ ಬರುತ್ತಿತ್ತು. ಗೆಣ್ಣು ತರಚಿ ರಕ್ತ ಬಂತು.

ಆ ಹೊತ್ತಿಗೇ ಲಾರಿ ಬರಬೇಕೆ! ಡ್ರಮ್ಮು ಗರಗರ ತಿರುಗಿಸಿಕೊಂಡು ಗೇಟಿಗೆ ಹಿಂಭಾಗ ಕೊಟ್ಟು ನಿಂತಿತು. ಡ್ರೈವರ್ ಇಳಿಯುತ್ತಲೇ ಕೂಗಾಡಿದ.

"ಎಲ್ಲಿ ಸುರೀಲಿ? ಬೇಗ ಹೇಳಿ ಸಾರ್, ಬಿಸಿಲೇರಿದೆ, ಒಳಗೇ ಗಟ್ಟಿಯಾದ್ರೆ ಡ್ರಮ್ಮು ಹೋಯ್ತು, ನನ್ನ ಕೆಲಸಾನೂ ಹೋಯ್ತು! ಅಲ್ಲಾ, ಆ ಕಂಬಿ ಕೆಳಗೆ ಯಾರ್ರೀ ಅದು?"

"ನನ್ನ ತಂಗಿ," ಅಂದ ಅಣ್ಣ.

"ಅವರ ಸಮೇತ ಸುರೀಬೇಕಾ?"

ಅಣ್ಣ ಕಂಬಿಯ ಅಂಚನ್ನು ಇನ್ನಷ್ಟು ಎತ್ತಿದ. ನನ್ನ ಪಕ್ಕ ಬಂದು ಮಂಡಿಯೂರಿ ಕೂತ. ಬೈಯುತ್ತಾನೆ ಅಂದುಕೊಂಡೆ. ಅವನು ಹರಿದ ಪ್ಲಾಸ್ಟಿಕ್ ಹಾಳೆಯ ಅಂಚನ್ನು ಬೆರಳಿನಲ್ಲಿ ಹಿಡಿದು ನೋಡುತ್ತಿದ್ದ.

"ಇದನ್ನ ಯಾಕೆ ಹಾಕ್ತೀವಿ ಗೊತ್ತಾ?" ಅಂದ, ತನಗೇ ಹೇಳಿಕೊಳ್ಳುವ ಹಾಗೆ. "ಕೆಳಗಿನ ತೇವ ಮೇಲೆ ಬರಬಾರದು ಅಂತ. ನಾನೇ ಎರಡು ಪದರ ಹಾಕಿಸಿದೆ. ಮೇಲಿಂದ ಏನೂ ಇಳಿಯಲ್ಲ ಅನ್ನೋದು ಹೊಳೀಲೇ ಇಲ್ಲ ನೋಡು ನನ್ನ ಮಂಡೆಗೆ."

ಅಷ್ಟು ಹೇಳಿ ಜಲ್ಲಿಗೆ ಕೈ ಹಾಕಿದ. ಅವನ ಕೈ ಅಂದರೆ ಸನಿಕೆ. ಕ್ಷಣದಲ್ಲಿ ಮಣ್ಣು ಕಂಡಿತು, ಕಪ್ಪಗೆ, ಒದ್ದೆಯಾಗಿ. ನಾನು ಅಂಗೈ ಒತ್ತಿದೆ. ಮೊಣಕೈಯಿಂದ ಬೆರಳ ತುದಿಗೆ ಜರ್ರನೆ ಇಳಿದುಹೋಯಿತು. ಕಣ್ಣು ಬಿಟ್ಟಾಗ ಅತ್ತೆ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು.

"ಸಾರ್!" ಡ್ರೈವರ್ ಅಳುವ ಹಾಗಾಗಿದ್ದ.

"ಇಲ್ಲಿ ಬೇಡ," ಅಂದ ಅಣ್ಣ. "ಪಾಯಕ್ಕೆ ಸುರಿ."

"ಯಾವ ಪಾಯ? ಅಲ್ಲಿರೋದು ಬರೀ ಟೈರು!"

ಅಣ್ಣ ಗಡಿಯಂಚಿಗೆ ಹೋಗಿ ನಿಂತು, "ಲೋ ಸ್ಪ್ಯಾನರ್!" ಎಂದು ಕೂಗಿದ. ಕೂಗುವ ಅಗತ್ಯವಿರಲಿಲ್ಲ. ಸ್ಪ್ಯಾನರ್ ಆಗಿನಿಂದಲೂ ಅಲ್ಲೇ ನಿಂತು ಎಲ್ಲ ನೋಡುತ್ತಿದ್ದ, ಗ್ರೀಸಿನ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ.

"ನಿನ್ನ ಟೈರು ತೆಗೀತೀಯೋ, ಅದರ ಮೇಲೇ ಸುರಿಸಲೋ?"

"ಮೊದಲೇ ಮಣ್ಣು ಮುಚ್ಚಲ್ಲ ಅಂದಿದ್ರೆ ನಾನ್ಯಾಕೆ ಟೈರು ಹಾಕ್ತಿದ್ದೆ?" ಅಂದ ಸ್ಪ್ಯಾನರ್.

"ಎಲಾ ಸುಳ್ಳ! ಮೊದಲ ಟೈರು ಬಂದಾಗ ಇಲ್ಲಿ ಒಂದು ಜಲ್ಲಿ ಕಲ್ಲೂ ಇರಲಿಲ್ಲ!" ಎಂದರು ಅತ್ತೆ.

ಸ್ಪ್ಯಾನರ್ ತಲೆ ಕೆರೆದುಕೊಂಡ. ಅವನ ಹಣೆಗೆ ಗ್ರೀಸು ಹತ್ತಿತು. "ಆಯ್ತತ್ತೆ, ಸುಳ್ಳೇ. ಆದ್ರೆ ನನ್ನ ಭುಜದ ನೋವೂ ಇಲ್ಲೇ ಇಳಿದಿದ್ದು. ಜ್ಯಾಕ್ ಜಾರಿದಾಗ ಕೈಯಜ್ಜಿ ಹಿಡಿದಿದ್ರು. ಮುಚ್ಚಿಬಿಟ್ರೆ ಅದು ವಾಪಸ್ ನನ್ನ ಹತ್ರಾನೇ ಬಂದ್ರೆ?" ಅಂದವನು ಪಾಯಕ್ಕೆ ಹಾರಿ ಟೈರು ಎಸೆಯತೊಡಗಿದ.

ಆಮೇಲೆ ನಡೆದದ್ದು ನೆನಪಿಗೆ ತುಂಡು ತುಂಡಾಗಿ ಮಾತ್ರ ಬರುತ್ತದೆ. ಕೊನೆಯ ಟೈರು ಆಚೆ ಹೋಗುವ ಮೊದಲೇ ಡ್ರೈವರ್ ಸುರಿಯತೊಡಗಿದ್ದ. ಪಾಯ ತುಂಬಿತು, ಡ್ರಮ್ಮು ಖಾಲಿಯಾಗಲಿಲ್ಲ. "ಇನ್ನೂ ಇದೆ! ಇನ್ನೂ ಇದೆ!" "ದಾರಿಗೆ ಹಾಕು!" ಎಂದ ಅಣ್ಣ. ನೆಲಕ್ಕೆಂದು ಬಡಿದಿದ್ದ ಹಲಗೆಗಳನ್ನೆಲ್ಲ ಕಿತ್ತು, ಎಲ್ಲರೂ ಎಡವುವ ಗೇಟಿನ ಕಲ್ಲು ಹಾಸಿನ ಎರಡೂ ಬದಿಗೆ ಬಡಿದೆವು. ಅತ್ತೆ ಕುರ್ಚಿಯ ಸಮೇತ ಜಾಗ ಬದಲಿಸುತ್ತಾ "ಓರೆ, ಓರೆ, ಎಡಕ್ಕೆ!" ಎಂದು ಕೂಗುತ್ತಿದ್ದರು. ಬೇಕರಿಯಕ್ಕ ಎಡಗೈಯಲ್ಲೇ ಹಲಗೆ ಹಿಡಿದು, ಚಪ್ಪಲಿ ಬಿಡಿಸುತ್ತಿದ್ದದ್ದೂ ಸೇರಿ ಕೈಯಜ್ಜಿಯ ಕಥೆಯನ್ನೆಲ್ಲ ಡ್ರೈವರಿಗೆ ಹೇಳುತ್ತಿದ್ದಳು.

"ಕೈ ಹೇಗಿದೆ?" ಎಂದೆ.

"ನೋಯ್ತಿದೆ. ಆದ್ರೆ ಬೆರಳು ಮಡಿಸೋಕಾಗುತ್ತೆ, ನೋಡು." ಮಡಿಸಿ ತೋರಿಸಿದಳು. ಆಮೇಲೆ ನನ್ನನ್ನೇ ನೋಡಿದಳು. ಆ ನೋಟ ನನಗೆ ಬೇಡವಿತ್ತು. ಅಜ್ಜಿಯನ್ನು ಊರು ಹಾಗೆ ನೋಡುತ್ತಿತ್ತು.

ದಾರಿ ಹಿತ್ತಲಿನವರೆಗೂ ಬಂದು, ಮಣ್ಣಿನ ಅಂಚಿಗೆ ಸರಿಯಾಗಿ ನಿಂತಿತು. ಅಣ್ಣ ಕರಣೆಯಿಂದ ಆ ಅಂಚನ್ನು ಮತ್ತೆ ಮತ್ತೆ ನುಣ್ಣಗೆ ಮಾಡಿದ. ಸಾಕು ಎಂದರೂ ಬಿಡಲಿಲ್ಲ. ಕೊನೆಗೆ ಕರಣೆ ಇಟ್ಟು, ಕಂಬಿ ಬಿಚ್ಚಲು ಹೋದ. ಇಡೀ ಜಾಗದ ಜಲ್ಲಿ ತೆಗೆಯಬೇಕಿತ್ತು. "ಹಾಕೋಕಿಂತ ತೆಗೆಯೋದು ಕಷ್ಟ," ಎಂದು ಗೊಣಗುತ್ತಿದ್ದರೂ ಬೆಳಗಿನಿಂದ ಮೊದಲ ಬಾರಿಗೆ ಅವನ ಕಾಲು ಒಂದೇ ಕಡೆ ನಿಂತಿತ್ತು.

ಅವನ ಕಾಲಿನ ಚಡಪಡಿಕೆ ನನ್ನ ಕೈಗೆ ಬಂದಿತ್ತು. ಅಂಗಡಿಯಲ್ಲಿ ಹೊಲಿಯದ ಬಟ್ಟೆ ಕಾಯುತ್ತಿತ್ತು. ಹೋಗಬೇಕು. ಹೋದರೆ ಟೇಪು ಹಿಡಿಯಬೇಕು. ಇಂದಿನಿಂದ ಅದನ್ನು ಬರೀ ಟೇಪು ಎಂದುಕೊಳ್ಳುವುದು ಹೇಗೆ? ಕೈ ತೊಳೆದೆ, ಒರೆಸಿದೆ, ಮತ್ತೆ ತೊಳೆದೆ.

"ಅಕ್ಕಾ," ಅಂದ ಡ್ರೈವರ್. ಪೈಪಿನಿಂದ ಲಾರಿಯ ಹಿಂಭಾಗ ತೊಳೆಯುತ್ತಿದ್ದವನು ನೀರು ನಿಲ್ಲಿಸಿ ಹತ್ತಿರ ಬಂದಿದ್ದ. ಬೆಳಗಿನ ಕೂಗಾಟವೆಲ್ಲ ಇಳಿದು ದನಿ ಮೆತ್ತಗಾಗಿತ್ತು. "ದಿನಾ ಸೀಟಲ್ಲಿ ಕೂತೂ ಕೂತೂ ಸೊಂಟ..."

"ನಂಗೇನೂ ಬರಲ್ಲಣ್ಣ. ಅದು ನಮ್ಮಜ್ಜಿ. ಇವತ್ತು ಏನೋ ಹಾಗಾಯ್ತು ಅಷ್ಟೇ. ನಾನು ಬಟ್ಟೆ ಹೊಲಿಯೋಳು, ನನ್ನನ್ನ ನಂಬ್ಕೊಂಡು..."

ನಾನು ಹೇಳುತ್ತಲೇ ಇದ್ದೆ. ಅವನು ಹಸಿ ದಾರಿಯ ಪಕ್ಕದಲ್ಲಿ ಒಂಟಿಕಾಲಲ್ಲಿ ನಿಂತು, ಬೂಟಿನ ಲೇಸು ಬಿಚ್ಚತೊಡಗಿದ್ದ.